ಒಳಪೊರೆಯ ಸೋರಿಕೆ, ಹೆಸರಿಲ್ಲದ ಬೇನೆ

ಹೃದಯವನ್ನು ಕುರಿತು ಕವಿಗಳು ಹಾಡಿದ್ದಾರೆ, ಕಣ್ಣನ್ನು ಕುರಿತು ಹಾಡಿದ್ದಾರೆ. ಹೊಟ್ಟೆಯ ಪಾಡನ್ನು ನಮ್ಮ ದಾಸರೂ ಬಿಡಲಿಲ್ಲ. ಮೂತ್ರಕೋಶದ ಮಾತು ಬರುವುದು ಮಾತ್ರ ದೇಹವನ್ನು ಜರೆಯಬೇಕಾದ ಸಂದರ್ಭದಲ್ಲಿ. ವೈರಾಗ್ಯವನ್ನು ಬೋಧಿಸಲು ಹೊರಟವರು ಈ ಶರೀರವನ್ನು ಹೊಲಸು ತುಂಬಿದ ಪಾತ್ರೆಯೆಂದರು. ಆ ಪಾತ್ರೆಯನ್ನು ವೈದ್ಯನಾಗಿ ಹಲವು ದಶಕ ನೋಡಿದ ನನಗೆ ಅದರ ಮೇಲೆ ತಾತ್ಸಾರ ಹುಟ್ಟಲಿಲ್ಲ. ಬದಲಿಗೆ ಒಂದು ಬಗೆಯ ಬೆರಗು ಹುಟ್ಟಿತು. ಶ್ರೋತೃಗಳೆ, ಇಂದು ನಾನು ಹೇಳಬೇಕೆಂದಿರುವುದು ಆ ಪಾತ್ರೆಯ ಒಳಮೈಯ ವಿಷಯ. ಅದು ಕೆಟ್ಟಾಗ ಹುಟ್ಟುವ, ಬಹುಕಾಲ ಹೆಸರಿಲ್ಲದೆ ಅಲೆದ ಒಂದು ನೋವಿನ ವಿಷಯ. ಆ ನೋವು ನನ್ನ ಮುಂದೆಯೇ ಬಂದು ಕುಳಿತಾಗ ನಾನು ಅದನ್ನು ಗುರುತಿಸದೆ ಹೋದ ವಿಷಯ.

೧೯೮೮ರ ಮಳೆಗಾಲ. ನಾನಾಗ ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿದ್ದೆ. ದೂರದ ತಾಲ್ಲೂಕಿನಿಂದ ಪ್ರಾಥಮಿಕ ಶಾಲೆಯ ಅಧ್ಯಾಪಕಿಯೊಬ್ಬರು ಬಂದರು. ವಯಸ್ಸು ನಲವತ್ತರ ಒಳಗೆ. ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರ ಸೇರುತ್ತ ಹೋದಂತೆ ನೋವು ಏರುತ್ತದೆ, ವಿಸರ್ಜನೆಯಾದ ಮೇಲೆ ಅರೆಗಳಿಗೆ ತಗ್ಗುತ್ತದೆ, ಮತ್ತೆ ಏರುತ್ತದೆ. ಹಗಲು ಇಪ್ಪತ್ತು ಸಲ, ರಾತ್ರಿ ಐದಾರು ಸಲ ಏಳಬೇಕು. ನಾಲ್ಕು ವರ್ಷದಿಂದ ಹೀಗೆ. ಅವರ ಕೈಚೀಲದಲ್ಲಿ ದಾರ ಕಟ್ಟಿದ ಒಂದು ಕಾಗದದ ಕಂತೆಯಿತ್ತು. ಎಲ್ಲವೂ ಮೂತ್ರದ ಕಲ್ಚರ್ ಪರೀಕ್ಷೆಯ ವರದಿಗಳು. ಒಂದರಲ್ಲೂ ಕ್ರಿಮಿ ಬೆಳೆದಿರಲಿಲ್ಲ. ಆದರೂ ಪ್ರತಿಯೊಂದು ವರದಿಗೂ ಒಬ್ಬೊಬ್ಬ ವೈದ್ಯರು ಒಂದೊಂದು ಆಂಟಿಬಯಾಟಿಕ್ ಬರೆದಿದ್ದರು. ಹೊಸದೊಂದನ್ನು ನಾನೂ ಬರೆದೆ. ಮೂರನೆಯ ಸಲ ಅವರು ಬಂದಾಗ ನನ್ನ ಬತ್ತಳಿಕೆ ಬರಿದಾಗಿತ್ತು. ಚೀಟಿಯಲ್ಲಿ ಮನಸ್ಸಿನ ಒತ್ತಡವೆಂದು ಇಂಗ್ಲಿಷಿನಲ್ಲಿ ಗೀಚಿ, ನಿದ್ರೆಯ ಮಾತ್ರೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಚೀಟಿಯನ್ನು ಓದಿ, ಮಡಿಸಿ, ಕೇಳಿದರು:

“ಡಾಕ್ಟರೆ, ನನ್ನ ಮನಸ್ಸು ಕಿಬ್ಬೊಟ್ಟೆಯಲ್ಲಿ ಇದೆಯೆ?”

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ಹಲವು ವರ್ಷ ಅವರು ನನ್ನ ಕಡೆ ಬರಲಿಲ್ಲ.

ನಮ್ಮಲ್ಲಿ ಈ ಅಂಗವನ್ನು ಕುರಿತು ಹಿಂದಿನವರು ಯೋಚಿಸಿರಲಿಲ್ಲವೆಂದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಅಶ್ಮರಿ ಎಂದರೆ ಮೂತ್ರದ ಕಲ್ಲಿನ ಪ್ರಕರಣದಲ್ಲಿ, ಬಸ್ತಿಯನ್ನು ಕತ್ತಿನವರೆಗೆ ನೀರಿನಲ್ಲಿಟ್ಟ ಹೊಸ ಮಡಕೆಗೆ ಹೋಲಿಸಲಾಗಿದೆ. ಹೊಸ ಮಡಕೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಬಾಯಿಂದ ನೀರು ಹೋಗದಿದ್ದರೂ ಪಕ್ಕಗಳಿಂದ ಒಸರಿ ಅದು ತುಂಬಿಕೊಳ್ಳುತ್ತದೆ. ಮೂತ್ರಪಿಂಡಗಳು ರಕ್ತವನ್ನು ಸೋಸುವ ಬಗೆ ತಿಳಿಯದ ಕಾಲದಲ್ಲಿ ಹುಟ್ಟಿದ ಊಹೆ ಇದು. ಮೂತ್ರ ಬರುವುದು ಮೂತ್ರಪಿಂಡಗಳಿಂದ, ಎರಡು ನಾಳಗಳ ಮೂಲಕ ಎಂದು ಈಗ ಶಾಲೆಯ ಮಕ್ಕಳೂ ಬಲ್ಲರು. ಊಹೆ ತಪ್ಪಾಯಿತು, ಆದರೆ ಕೇಳಿದ ಪ್ರಶ್ನೆ ಸರಿಯಾದದ್ದು: ಈ ಪಾತ್ರೆಯ ಗೋಡೆಯ ಮೂಲಕ ಏನಾದರೂ ಹಾಯುತ್ತದೆಯೆ, ಇಲ್ಲವೆ?

ಇದಕ್ಕೆ ಪ್ರಕೃತಿ ಎರಡು ಬಗೆಯ ಉತ್ತರ ಕೊಟ್ಟಿದೆ. ಮೊದಲ ಉತ್ತರ ಕಪ್ಪೆಯದು. ನೆಲಗಪ್ಪೆಗೆ ಮೂತ್ರಕೋಶವೆಂಬುದು ನೀರಿನ ತೊಟ್ಟಿ. ಬಿಸಿಲು ಕಾಲದಲ್ಲಿ ಮೈ ಒಣಗುತ್ತ ಬಂದಾಗ ಅದರ ದೇಹ ಒಂದು ಹಾರ್ಮೋನನ್ನು ಹರಿಬಿಡುತ್ತದೆ. ಮೂತ್ರಕೋಶದ ಗೋಡೆ ಸಡಿಲವಾಗಿ ಅಲ್ಲಿ ಕೂಡಿಟ್ಟ ನೀರು ರಕ್ತಕ್ಕೆ ಮರಳುತ್ತದೆ. ಆಸ್ಟ್ರೇಲಿಯದ ಮರುಭೂಮಿಯಲ್ಲಿ ಒಂದು ಜಾತಿಯ ಕಪ್ಪೆ ಹೀಗೆ ನೀರು ತುಂಬಿಕೊಂಡು ವರ್ಷಗಟ್ಟಲೆ ಮಣ್ಣಿನೊಳಗೆ ಮಲಗಿರಬಲ್ಲದು. ಅಲ್ಲಿನ ಮೂಲನಿವಾಸಿಗಳು ಅದನ್ನು ಅಗೆದು ತೆಗೆದು, ಹಿಂಡಿ, ಆ ನೀರನ್ನು ಕುಡಿಯುತ್ತಿದ್ದರು. ೨೦ನೆಯ ಶತಮಾನದ ನಡುಭಾಗದಲ್ಲಿ ಶರೀರಶಾಸ್ತ್ರಜ್ಞರು ಉಪ್ಪು ಮತ್ತು ನೀರು ಜೀವಂತ ಪೊರೆಗಳನ್ನು ದಾಟುವ ಬಗೆಯನ್ನು ಕಲಿತದ್ದು ಬಹುಮಟ್ಟಿಗೆ ಇದೇ ನೆಲಗಪ್ಪೆಯ ಮೂತ್ರಕೋಶದಿಂದ. ಚಳಿಗಾಲವಿಡೀ ನಿದ್ರಿಸುವ ಕರಡಿಯೂ ತಿಂಗಳುಗಟ್ಟಲೆ ಮೂತ್ರ ಮಾಡದೆ ಅದನ್ನು ಒಳಗೇ ಹೀರಿಕೊಂಡು, ಅದರಲ್ಲಿರುವ ಸಾರಜನಕವನ್ನು ಮತ್ತೆ ಮಾಂಸ ಕಟ್ಟಲು ಬಳಸುತ್ತದೆ. ಇವುಗಳ ಮೂತ್ರಕೋಶ ಸುಶ್ರುತನ ಮಡಕೆಗೆ ಹತ್ತಿರದ ನೆಂಟ.

ಎರಡನೆಯ ಉತ್ತರ ಮನುಷ್ಯನದು. ನಮ್ಮ ಮೂತ್ರಕೋಶ ಮಡಕೆಯಲ್ಲ, ಉಪ್ಪಿನಕಾಯಿಯ ಜಾಡಿ. ಜಾಡಿಯೂ ಮಣ್ಣಿನದೇ, ಆದರೆ ಅದರ ಒಳಮೈಗೆ ಗಾಜಿನಂಥ ಮೆರುಗು ಹಾಯಿಸಿ ಸುಟ್ಟಿರುತ್ತಾರೆ. ಆ ಮೆರುಗಿನ ಬಲದಿಂದಲೇ ವರ್ಷವಿಡೀ ಉಪ್ಪು, ಹುಳಿ, ಖಾರ ಒಳಗಿದ್ದರೂ ಹೊರಮೈ ಒಣಗಿಯೇ ಇರುತ್ತದೆ. ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಕೆಲವು ವಾರಗಳ ಮೇಲೆ ಜಾಡಿಯ ಹೊರಗೆ ಬೂದಿಯಂತೆ ಬೆಳ್ಳಗೆ ಒಂದು ಪುಡಿ ಏಳುತ್ತದೆ. ನನ್ನ ತಾಯಿ ಅದನ್ನು ಬೆರಳಿನಿಂದ ಸವರಿ ನಾಲಗೆಗೆ ಮುಟ್ಟಿಸಿ, “ಇದು ಉಪ್ಪು ಕಾರುತ್ತಿದೆ” ಎಂದು ಆ ಜಾಡಿಯನ್ನು ಅಟ್ಟದಿಂದ ಕೆಳಗಿಳಿಸುತ್ತಿದ್ದರು. ಆ ಬೆರಳಿನ ಪರೀಕ್ಷೆಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಅದರ ಮಾತು ಬರಲಿದೆ.

ಈ ಮೆರುಗು ಎಂಥದು? ಮೂತ್ರಕೋಶದ ಒಳಪೊರೆಯ ತೀರ ಮೇಲಿನ ಸಾಲಿನಲ್ಲಿ ದೊಡ್ಡ ದೊಡ್ಡ ಜೀವಕೋಶಗಳಿವೆ. ಒಂದೊಂದು ಕೋಶವೂ ಕೆಳಗಿನ ಹಲವು ಸಣ್ಣ ಕೋಶಗಳ ಮೇಲೆ ಬಿಚ್ಚಿ ಹಿಡಿದಂತಿರುವುದರಿಂದ ಅವಕ್ಕೆ ಕೊಡೆಕೋಶಗಳೆಂದು ಹೆಸರು. ಹೆಸರಿಟ್ಟವನಿಗೆ ಮಳೆನಾಡಿನ ಅನುಭವವಿದ್ದಿರಬೇಕು. ಈ ಕೋಶಗಳ ಮೂತ್ರಕ್ಕೆ ಎದುರಾದ ಮೈಯನ್ನು ಯೂರೋಪ್ಲಾಕಿನ್ ಎಂಬ ಪ್ರೋಟೀನಿನ ಗಟ್ಟಿ ಬಿಲ್ಲೆಗಳು ಮಾಡಿನ ಹೆಂಚುಗಳಂತೆ ಹೊದಿಸಿವೆ. ಒಂದು ಕೋಶ ಮತ್ತೊಂದನ್ನು ಕೂಡುವ ಅಂಚಿನಲ್ಲಿ ಸುತ್ತಲೂ ಬಿಗಿಯಾದ ಬೆಸುಗೆ. ಇವೆಲ್ಲದರ ಮೇಲೆ ಗಂಜಿಯ ಕೆನೆಯಂಥ ತೆಳ್ಳನೆಯ ಒಂದು ಲೋಳೆ. ಸಕ್ಕರೆಯ ಜಾತಿಯ ಉದ್ದನೆಯ ಸರಪಣಿಗಳಿಂದಾದದ್ದು. ಈ ಸರಪಣಿಗಳು ನೀರನ್ನು ತಬ್ಬಿ ಹಿಡಿದುಕೊಳ್ಳುವುದರಿಂದ ಮೂತ್ರದ ಲವಣಗಳಿಗೂ ಕೋಶಗಳಿಗೂ ನಡುವೆ ಒಂದು ನೀರಿನ ಪರದೆ ನಿಂತಂತಾಗುತ್ತದೆ.

ಜಾಡಿಗೆ ಇಲ್ಲದ ಒಂದು ತೊಡಕು ಮೂತ್ರಕೋಶಕ್ಕಿದೆ. ಜಾಡಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಮೂತ್ರಕೋಶವೋ ದಿನಕ್ಕೆ ಆರೇಳು ಸಲ ಬರಿದಾಗಿ ಮತ್ತೆ ೩೦೦ರಿಂದ ೫೦೦ ಮಿಲಿಲೀಟರಿನವರೆಗೆ ತುಂಬಬೇಕು. ತುಂಬಿದಾಗಲೂ ಮೆರುಗು ಬಿರಿಯಬಾರದು. ಬರಿದಾದ ಮೂತ್ರಕೋಶದ ಒಳಪೊರೆ ಸೀರೆಯ ನೆರಿಗೆಯಂತೆ ಮಡಿಸಿಕೊಂಡಿರುತ್ತದೆ. ತುಂಬುತ್ತ ಬಂದಂತೆ ನೆರಿಗೆ ಬಿಚ್ಚುತ್ತದೆ. ಅದೂ ಸಾಲದಾದಾಗ ಕೊಡೆಕೋಶಗಳು ತಮ್ಮೊಳಗೆ ಸಣ್ಣ ಚೀಲಗಳಲ್ಲಿ ಅಡಗಿಸಿಟ್ಟಿದ್ದ ಹೆಚ್ಚುವರಿ ಪೊರೆಯನ್ನು ಮೇಲಕ್ಕೆ ತಂದು ತಮ್ಮ ಮೈಗೆ ಜೋಡಿಸಿಕೊಳ್ಳುತ್ತವೆ; ಬರಿದಾದಾಗ ಮತ್ತೆ ಒಳಗೆ ಸೆಳೆದುಕೊಳ್ಳುತ್ತವೆ. ಹಾಗಾಗಿ ಎಷ್ಟು ಹಿಗ್ಗಿದರೂ ಹೆಂಚು ಜಾರುವುದಿಲ್ಲ. ಇಷ್ಟು ಭದ್ರವಾದ ತಡೆಗೋಡೆ ನಮ್ಮ ದೇಹದಲ್ಲಿ ಬೇರೆಲ್ಲಾದರೂ ಇದ್ದರೆ ಅದು ಬಹು ವಿರಳ.

ಇಷ್ಟು ಏರ್ಪಾಡು ಏಕೆಂದರೆ ಒಳಗಿರುವ ದ್ರವ ಅಂಥದು. ಯೂರಿಯಾ, ಆಮ್ಲಗಳು, ದೇಹ ಬೇಡವೆಂದು ಹೊರಗಟ್ಟಿದ ನೂರಾರು ವಸ್ತುಗಳು ಅದರಲ್ಲಿವೆ. ಅವುಗಳಲ್ಲಿ ಒಂದನ್ನು ಮಾತ್ರ ಬೇರೆಯಾಗಿ ಹೇಳಬೇಕು: ಪೊಟ್ಯಾಸಿಯಂ. ರಕ್ತದಲ್ಲಿ ಇದರ ಪ್ರಮಾಣ ಬಹಳ ಕಡಮೆ. ಮೂತ್ರದಲ್ಲಿ ಸಾಮಾನ್ಯವಾಗಿ ಅದರ ಹತ್ತು ಪಟ್ಟು, ಹಲವು ವೇಳೆ ಇನ್ನೂ ಹೆಚ್ಚು. ನಮ್ಮ ನರಗಳು ಕೆಲಸ ಮಾಡುವುದೇ ಪೊಟ್ಯಾಸಿಯಂ ಒಳಗೆ ಹೆಚ್ಚಾಗಿ, ಹೊರಗೆ ಕಡಮೆಯಾಗಿ ಇರುವ ವ್ಯತ್ಯಾಸದಿಂದ. ಆ ವ್ಯತ್ಯಾಸ ಎಳೆದು ಹಿಡಿದ ಬಿಲ್ಲಿನ ಹೆದೆಯಂತೆ. ನರದ ಹೊರಗೆ ಪೊಟ್ಯಾಸಿಯಂ ಏರಿದರೆ ಹೆದೆ ತಾನಾಗಿ ಬಿಟ್ಟುಕೊಂಡು ಬಾಣ ಹಾರುತ್ತದೆ. ನೋವಿನ ನರವಾದರೆ ಹಾರುವುದು ನೋವು. ಮೂತ್ರಕೋಶದ ಒಳಪೊರೆಯ ಕೆಳಗೇ, ಕೂದಲೆಳೆಯಷ್ಟು ದೂರದಲ್ಲಿ, ನೋವಿನ ನರಗಳ ಬಲೆ ಹಬ್ಬಿದೆ. ಮೆರುಗು ಗಟ್ಟಿಯಾಗಿರುವ ತನಕ ನಮಗೆ ಇದರ ಅರಿವೇ ಇರುವುದಿಲ್ಲ. ಮೆರುಗು ಬಿರುಕುಬಿಟ್ಟರೆ ಉಪ್ಪು ಗಾಯಕ್ಕೆ ಇಳಿದಂತೆ. ಒಂದು ಪೊರೆ ತನ್ನ ಮೂಲಕ ವಸ್ತುಗಳನ್ನು ಹಾಯಗೊಡುವ ಗುಣಕ್ಕೆ ಪಠ್ಯಪುಸ್ತಕಗಳಲ್ಲಿ ಪಾರಗಮ್ಯತೆ ಎಂಬ ಗಂಭೀರವಾದ ಹೆಸರಿದೆ. ಮನೆಯ ಮಾತಿನಲ್ಲಿ ಸೋರಿಕೆ ಎಂದರೆ ಸಾಕು.

ಈ ಸೋರಿಕೆಯ ಕಲ್ಪನೆ ಬರುವುದಕ್ಕೆ ಬಹಳ ಹಿಂದೆಯೇ ನೋವು ಇತ್ತು. ೧೮೩೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಜೋಸೆಫ್ ಪ್ಯಾರಿಷ್, ಕಲ್ಲಿಲ್ಲದೆಯೂ ಕಲ್ಲಿದ್ದವರಂತೆ ನರಳುವ ರೋಗಿಗಳನ್ನು ವರ್ಣಿಸಿದ್ದನು. ೧೮೮೭ರಲ್ಲಿ ನ್ಯೂಯಾರ್ಕಿನ ಸ್ಕೀನ್ ಎಂಬಾತ ಇದಕ್ಕೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎಂದು ಹೆಸರಿಟ್ಟನು. ಮೂತ್ರಕೋಶದ ಗೋಡೆಯ ಒಳಪದರಗಳ ಉರಿಯೂತ ಎಂದು ಅದರ ಅರ್ಥ. ಬಾಲ್ಟಿಮೋರಿನ ಗೈ ಹನರ್ ಕೆಲವು ಸ್ತ್ರೀಯರ ಮೂತ್ರಕೋಶದಲ್ಲಿ ತಾನು ಕಂಡ ಕೆಂಪು ಹುಣ್ಣುಗಳನ್ನು ೧೯೧೫ರಲ್ಲಿ ಪ್ರಕಟಿಸಿದನು. ಅವನಿಗೆ ಅರಿವಿಲ್ಲದೆ ಅದರಿಂದ ಒಂದು ಕೇಡೂ ಆಯಿತು. ಹನರನ ಹುಣ್ಣು ಕಂಡರೆ ಮಾತ್ರ ಕಾಯಿಲೆ, ಕಾಣದಿದ್ದರೆ ಇಲ್ಲ ಎಂದು ವೈದ್ಯರು ತಿಳಿದರು. ಹುಣ್ಣು ಇರುವುದು ಈ ರೋಗಿಗಳಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ. ಉಳಿದವರ ಮೂತ್ರಕೋಶವನ್ನು ಸಿಸ್ಟೊಸ್ಕೋಪಿನ ನಳಿಗೆಯಿಂದ ನೋಡಿದರೆ ಮೇಲ್ನೋಟಕ್ಕೆ ಸ್ವಚ್ಛ. ಕಣ್ಣಿಗೆ ಕಾಣದ್ದು ಮನಸ್ಸಿನದು ಎಂಬ ಸುಲಭದ ನ್ಯಾಯ ಅಲ್ಲಿಂದ ಶುರುವಾಯಿತು. ೧೯೭೦ರ ದಶಕದಲ್ಲಿಯೂ ಒಂದು ಹೆಸರಾಂತ ಮೂತ್ರರೋಗ ಗ್ರಂಥ ಈ ಕಾಯಿಲೆಯನ್ನು ಮನೋದೈಹಿಕ ರೋಗಗಳ ಸಾಲಿನಲ್ಲಿ ಸೇರಿಸಿತ್ತು. ನರಳುವವರಲ್ಲಿ ಬಹುಪಾಲು ಹೆಂಗಸರಾಗಿದ್ದುದೂ, ಬರೆಯುವವರಲ್ಲಿ ಬಹುಪಾಲು ಗಂಡಸರಾಗಿದ್ದುದೂ ಇದಕ್ಕೆ ಕಾರಣವಲ್ಲವೆಂದು ನಾನು ಹೇಳಲಾರೆ.

ಅಮೆರಿಕದಲ್ಲಿ ಇದರ ವಿರುದ್ಧ ಮೊದಲು ದನಿಯೆತ್ತಿದವರು ರೋಗಿಗಳೇ. ವೈದ್ಯವಿದ್ಯಾರ್ಥಿನಿಯಾಗಿದ್ದಾಗಲೇ ಈ ನೋವಿಗೆ ಸಿಕ್ಕಿದ ವಿಕಿ ರಾಟ್ನರ್ ೧೯೮೪ರಲ್ಲಿ ರೋಗಿಗಳ ಸಂಘವೊಂದನ್ನು ಕಟ್ಟಿದರು; ೧೯೮೭ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನ ಸಂಸ್ಥೆ ತಜ್ಞರನ್ನು ಒಂದೆಡೆ ಸೇರಿಸಿ ಕಾಯಿಲೆಯ ಲಕ್ಷಣಗಳನ್ನು ಗೊತ್ತುಮಾಡಿತು. ನಾನು ನಿದ್ರೆಯ ಮಾತ್ರೆ ಬರೆದುಕೊಟ್ಟದ್ದು ಅದಾದ ಮರುವರ್ಷ. ಆ ಸುದ್ದಿ ನಮ್ಮ ಜಿಲ್ಲೆಗೆ ತಲುಪಿರಲಿಲ್ಲ ಎನ್ನುವುದು ನಿಜ. ತಲುಪುವ ಮೊದಲು ರೋಗಿಯ ಮಾತನ್ನು ನಂಬಬಾರದೆಂದೇನೂ ಇರಲಿಲ್ಲ.

ಸೋರಿಕೆಯ ಸಿದ್ಧಾಂತವನ್ನು ಹಟ ಹಿಡಿದು ಬೆಳೆಸಿದವರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದ ಲೋವೆಲ್ ಪಾರ್ಸನ್ಸ್. ಮೂತ್ರಕೋಶದ ಮೇಲಿನ ಆ ಲೋಳೆಯ ಪದರವೇ ಮುಖ್ಯವಾದ ತಡೆ, ಅದು ಸವೆದಾಗ ಮೂತ್ರದ ಲವಣಗಳು ಒಳಗಿಳಿದು ನರಗಳನ್ನು ಕೆಣಕುತ್ತವೆ ಎಂದು ಅವರ ವಾದ. ೧೯೯೦ರಲ್ಲಿ ಅವರ ತಂಡ ಆರೋಗ್ಯವಂತರನ್ನೇ ಪರೀಕ್ಷೆಗೆ ಒಡ್ಡಿತು. ಪ್ರೋಟಮೀನ್ ಎಂಬ ವಸ್ತುವಿಗೆ ಲೋಳೆಯ ಸರಪಣಿಗಳನ್ನು ಹಿಡಿದು ನಿಷ್ಫಲಗೊಳಿಸುವ ಗುಣವಿದೆ. ಅದನ್ನು ಮೂತ್ರಕೋಶಕ್ಕೆ ಹಾಯಿಸಿದಾಗ, ಒಳಗಿಟ್ಟ ಯೂರಿಯಾ ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಇಳಿಯಿತು. ಅದುವರೆಗೆ ಆರಾಮವಾಗಿದ್ದವರು ತಡೆಯಲಾರದ ಅವಸರವಾಗುತ್ತಿದೆಯೆಂದು ದೂರಿದರು. ಆಮೇಲೆ ಅದೇ ಸರಪಣಿಯ ಜಾತಿಗೆ ಸೇರಿದ ಹೆಪಾರಿನ್ ಹಾಯಿಸಿದಾಗ ಸೋರಿಕೆ ತಗ್ಗಿತು. ಮರುವರ್ಷ, ೧೯೯೧ರಲ್ಲಿ, ಅವರು ರೋಗಿಗಳ ಲೆಕ್ಕ ಕೊಟ್ಟರು. ಮೂತ್ರಕೋಶದಲ್ಲಿ ಇಟ್ಟ ಯೂರಿಯಾದಲ್ಲಿ ಆರೋಗ್ಯವಂತರ ದೇಹ ಹೀರಿಕೊಂಡದ್ದು ನೂರಕ್ಕೆ ಸುಮಾರು ೫ ಪಾಲು. ನೋವಿನವರ ದೇಹ ಹೀರಿಕೊಂಡದ್ದು ಸುಮಾರು ೨೫ ಪಾಲು.

ಆ ಮೇಲೆ ಬಂದದ್ದು ಪೊಟ್ಯಾಸಿಯಂ ಪರೀಕ್ಷೆ. ಎರಡು ದ್ರವಗಳನ್ನು ಒಂದಾದ ಮೇಲೊಂದು, ೪೦ ಮಿಲಿಲೀಟರಿನಷ್ಟು, ಮೂತ್ರಕೋಶಕ್ಕೆ ಹಾಯಿಸುತ್ತಾರೆ. ಒಂದು ಬರಿಯ ನೀರು, ಇನ್ನೊಂದು ಪೊಟ್ಯಾಸಿಯಂ ಲವಣದ ನೀರು. ಯಾವುದು ಯಾವುದೆಂದು ರೋಗಿಗೆ ಹೇಳುವುದಿಲ್ಲ. ಆರೋಗ್ಯವಂತರಿಗೆ ಎರಡೂ ಒಂದೇ. ಈ ಕಾಯಿಲೆಯವರಲ್ಲಿ ನಾಲ್ವರಿಗೆ ಸುಮಾರು ಮೂವರು ಎರಡನೆಯದು ಒಳಗೆ ಹೋದೊಡನೆ ಚೀರುತ್ತಾರೆ. ಇದನ್ನು ಮೊದಲು ಓದಿದ ದಿನ ನನಗೆ ನೆನಪಾದದ್ದು ಜಾಡಿಯ ಹೊರಮೈ ಸವರಿ ನಾಲಗೆಗೆ ಮುಟ್ಟಿಸುತ್ತಿದ್ದ ತಾಯಿಯ ಬೆರಳು. ನೆನಪಾದ ಎರಡನೆಯವರು ಆ ಅಧ್ಯಾಪಕಿ. ಕಣ್ಣು ಕಟ್ಟಿದರೂ ಉಪ್ಪನ್ನೂ ನೀರನ್ನೂ ಬೇರೆ ಮಾಡಿ ಹೇಳುವ ಮೂತ್ರಕೋಶವನ್ನು ನಾನು ಮನಸ್ಸಿನ ಲೆಕ್ಕಕ್ಕೆ ಬರೆದಿದ್ದೆ.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಚೆಂದವಾಗಿರುತ್ತದೆ. ಆದರೆ ವಿಜ್ಞಾನದ ಕಥೆಗಳು ಚೆಂದವಾದ ಜಾಗದಲ್ಲಿ ನಿಲ್ಲುವುದಿಲ್ಲ. ೧೯೯೪ರಲ್ಲಿ ಬೇರೊಂದು ತಂಡ ವಿಕಿರಣವುಳ್ಳ ಗುರುತಿನ ವಸ್ತುವೊಂದನ್ನು ಬಳಸಿ ಸೋರಿಕೆಯನ್ನು ನೇರವಾಗಿ ಅಳೆದಾಗ, ರೋಗಿಗಳಿಗೂ ಆರೋಗ್ಯವಂತರಿಗೂ ನಡುವೆ ನಂಬಬಹುದಾದಷ್ಟು ವ್ಯತ್ಯಾಸ ಕಾಣಲಿಲ್ಲ. ಪೊಟ್ಯಾಸಿಯಂ ಪರೀಕ್ಷೆಗೆ ಚೀರುವವರಲ್ಲಿ ಸಾಮಾನ್ಯ ಸೋಂಕಿನವರೂ ಇದ್ದರು, ವಿಕಿರಣ ಚಿಕಿತ್ಸೆಯಿಂದ ಮೂತ್ರಕೋಶ ಬೆಂದವರೂ ಇದ್ದರು. ಚೀರದ ನಾಲ್ಕನೆಯವರ ನೋವೂ ನೋವೇ ಆಗಿತ್ತು. ನೋವಿನಿಂದ ಬಂದವರಿಗೆ ಇನ್ನಷ್ಟು ನೋವು ಕೊಟ್ಟು ತಿಳಿಯುವುದು ಅಷ್ಟೇನೂ ಇಲ್ಲವೆಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಈ ಪರೀಕ್ಷೆಯನ್ನು ಬದಿಗಿಟ್ಟಿತು. ಇನ್ನೊಂದು ಕಡೆ, ಮೂತ್ರಕೋಶಕ್ಕೆ ಗುರುತಿನ ದ್ರವ ಹಾಯಿಸಿ ಎಂ.ಆರ್.ಐ. ಚಿತ್ರ ತೆಗೆಯುವ ಹೊಸ ಪ್ರಯತ್ನಗಳಲ್ಲಿ, ಬೆರಳೆಣಿಕೆಯ ರೋಗಿಗಳಲ್ಲೇ ಆದರೂ, ದ್ರವ ಗೋಡೆಯೊಳಗೆ ಒಸರಿದ್ದು ಕಂಡಿದೆ. ನನಗೆ ತೋರುವ ಮಟ್ಟಿಗೆ ಸೋರಿಕೆ ಇದೆ, ಎಲ್ಲರಲ್ಲೂ ಇಲ್ಲ, ಇರುವವರಲ್ಲೂ ಅದೊಂದೇ ಇಲ್ಲ.

ಸೋರಿಕೆಯೇ ಮೊದಲೋ ಉರಿಯೂತವೇ ಮೊದಲೋ ಎಂಬುದು ಬೀಜವೃಕ್ಷ ನ್ಯಾಯ. ಒಳಗಿಳಿದ ಲವಣ ನರವನ್ನು ಕೆಣಕುತ್ತದೆ. ಕೆರಳಿದ ನರ ಸುತ್ತಲ ಗೋಡೆಗೆ ಕೆಲವು ರಾಸಾಯನಿಕಗಳನ್ನು ಉಗುಳುತ್ತದೆ. ಅವು ಮಾಸ್ಟ್ ಕೋಶಗಳೆಂಬ ಕಾವಲುಗಾರರನ್ನು ಎಬ್ಬಿಸುತ್ತವೆ. ಅವು ಹೊರಬಿಡುವ ಹಿಸ್ಟಮೀನ್ ಮೊದಲಾದವು ಒಳಪೊರೆಯ ಬೆಸುಗೆಯನ್ನು ಇನ್ನಷ್ಟು ಸಡಿಲಿಸುತ್ತವೆ. ಮತ್ತೆ ಸೋರಿಕೆ. ವರ್ಷಗಟ್ಟಲೆ ಹೀಗೆ ನಡೆದರೆ ಬೆನ್ನುಹುರಿಯಲ್ಲಿ ನೋವಿನ ದಾರಿ ಬಂಡಿಜಾಡಿನಂತೆ ಆಳವಾಗಿಬಿಡುತ್ತದೆ; ಆಗ ಮೂತ್ರಕೋಶ ಸ್ವಲ್ಪ ತುಂಬಿದರೂ ಸಾಕು. ಮೇರಿಲ್ಯಾಂಡಿನ ಸೂಸನ್ ಕೀ ಎಂಬ ವೈದ್ಯೆಯ ತಂಡ ಈ ರೋಗಿಗಳ ಮೂತ್ರದಲ್ಲಿ, ಒಳಪೊರೆಯ ಕೋಶಗಳು ಬೆಳೆಯದಂತೆ ತಡೆಯುವ ಒಂದು ಸಣ್ಣ ಪೆಪ್ಟೈಡನ್ನು ಕಂಡುಹಿಡಿಯಿತು. ಮಾಡು ಸೋರುವುದು ಒಂದು ಕಷ್ಟ. ಹೆಂಚು ಹೊದಿಸುವವನ ಕೈ ಕಟ್ಟಿಹಾಕಿದ್ದರೆ ಅದು ಇನ್ನೊಂದು.

ಮನಸ್ಸಿನ ಪ್ರಶ್ನೆ ಹಾಗಾದರೆ ಏನಾಯಿತು? ಅದಕ್ಕೆ ಉತ್ತರ ಕೊಟ್ಟವು ಬೆಕ್ಕುಗಳು. ಮನೆಯೊಳಗೇ ಬೆಳೆಯುವ ಬೆಕ್ಕುಗಳಿಗೆ ಇಂಥದೇ ಕಾಯಿಲೆ ಬರುತ್ತದೆ. ಕ್ರಿಮಿಯಿಲ್ಲ, ಕಲ್ಲಿಲ್ಲ, ಆದರೂ ಪದೇ ಪದೇ ಮೂತ್ರಕ್ಕೆ ಕೂರುತ್ತವೆ, ನೋವಿನಿಂದ ಕೂಗುತ್ತವೆ. ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ಇವುಗಳನ್ನು ದೀರ್ಘಕಾಲ ಅಭ್ಯಾಸ ಮಾಡಿದರು. ಅವುಗಳ ಮೂತ್ರಕೋಶವೂ ಸೋರುತ್ತಿತ್ತು. ಊಟದ ಹೊತ್ತು ತಪ್ಪಿಸಿ, ನೋಡಿಕೊಳ್ಳುವವರನ್ನು ಬದಲಾಯಿಸಿ ಬೆಕ್ಕನ್ನು ಕಂಗೆಡಿಸಿದರೆ ಕಾಯಿಲೆ ಹೆಚ್ಚುತ್ತಿತ್ತು. ಅಡಗಲು ಜಾಗ, ಹತ್ತಲು ಎತ್ತರ, ಗೊತ್ತಾದ ಹೊತ್ತಿಗೆ ಊಟ ಕೊಟ್ಟರೆ ತಗ್ಗುತ್ತಿತ್ತು. ಎಂದರೆ ಮನಸ್ಸಿನ ಒತ್ತಡ ಒಳಪೊರೆಯವರೆಗೂ ಇಳಿಯುತ್ತದೆ. ಒತ್ತಡವೆಂದು ನಾನು ಬರೆದ ಶಬ್ದ ಅಷ್ಟರ ಮಟ್ಟಿಗೆ ಸುಳ್ಳಲ್ಲ. ಆ ಶಬ್ದವನ್ನು ಬರೆದು ಬಾಗಿಲು ಹಾಕಿದ್ದು ತಪ್ಪು. ಬೆಕ್ಕಿಗೆ ಯಾರೂ ನಿನ್ನ ನೋವು ಬರಿಯ ಕಲ್ಪನೆಯೆಂದು ಹೇಳಲಿಲ್ಲ ಎಂಬುದನ್ನೂ ಗಮನಿಸಬೇಕು.

ಔಷಧದ ಮಾತು. ಬಿರುಕಿನ ಜಾಡಿಗೆ ಮತ್ತೆ ಮೆರುಗು ಹಾಯಿಸುವ ಆಸೆ ಸಹಜ. ಬೀಚ್ ಎಂಬ ಮರದ ನಾರಿನಿಂದ ತಯಾರಿಸಿದ, ಲೋಳೆಯ ಸರಪಣಿಯನ್ನು ಹೋಲುವ ಪೆಂಟೋಸಾನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ೧೯೯೬ರಲ್ಲಿ ಒಪ್ಪಿಗೆ ದೊರೆಯಿತು. ನುಂಗಿದ ಮಾತ್ರೆಯಲ್ಲಿ ಬಹು ಸ್ವಲ್ಪ ಪಾಲು ಮಾತ್ರ ಮೂತ್ರದವರೆಗೆ ತಲುಪುತ್ತದೆ. ಕೆಲವರಿಗೆ ತಿಂಗಳುಗಳ ಮೇಲೆ ಗುಣ ಕಂಡದ್ದುಂಟು. ಆದರೆ ೨೦೧೫ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಅದು ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ೨೦೧೮ರಲ್ಲಿ ಅಟ್ಲಾಂಟಾದ ನೇತ್ರವೈದ್ಯರು, ಅದನ್ನು ವರ್ಷಗಟ್ಟಲೆ ಸೇವಿಸಿದ ಕೆಲವರ ಕಣ್ಣಿನ ಅಕ್ಷಿಪಟಲ ಕೆಟ್ಟಿರುವುದನ್ನು ವರದಿ ಮಾಡಿದರು. ೨೦೨೦ರಲ್ಲಿ ಆ ಎಚ್ಚರಿಕೆ ಔಷಧದ ಚೀಟಿಗೆ ಸೇರಿತು. ಹೆಪಾರಿನ್ ಮುಂತಾದವನ್ನು ನೇರವಾಗಿ ಮೂತ್ರಕೋಶಕ್ಕೆ ಹಾಯಿಸುವುದುಂಟು. ಹನರನ ಹುಣ್ಣಿದ್ದರೆ ಅದನ್ನು ಸುಡುವುದರಿಂದ ನೋವು ಬಹಳ ತಗ್ಗುತ್ತದೆ. ಹುಣ್ಣಿನ ಕಾಯಿಲೆ ಬೇರೆಯೇ ಒಂದು ಕಾಯಿಲೆಯೆಂದು ಈಗ ಹಲವರ ಅಭಿಪ್ರಾಯ. ನರಗಳನ್ನು ಶಾಂತಗೊಳಿಸುವ ಅಮಿಟ್ರಿಪ್ಟಿಲಿನ್, ಕಿಬ್ಬೊಟ್ಟೆಯ ಸ್ನಾಯುಗಳ ಬಿಗಿತ ಬಿಡಿಸುವ ಅಭ್ಯಾಸ, ಊಟದಲ್ಲಿ ಕಾಫಿ, ಹುಳಿ, ಖಾರ ಇವುಗಳಲ್ಲಿ ತನಗೆ ಯಾವುದು ಒಗ್ಗದೆಂದು ತಾನೇ ಗುರುತಿಸಿ ಬಿಡುವುದು: ಇಂಥ ಸಣ್ಣ ಸಣ್ಣ ಉಪಾಯಗಳೇ ಹೆಚ್ಚು ಜನರಿಗೆ ಆಸರೆ.

ಇಲ್ಲೊಂದು ಮಾತನ್ನು ಬಿಡುವಂತಿಲ್ಲ. ಕಿಬ್ಬೊಟ್ಟೆ ನೋಯುವವರೆಲ್ಲ ತಮಗೆ ಇದೇ ಬೇನೆಯೆಂದು ತೀರ್ಮಾನಿಸಿಕೊಳ್ಳಬಾರದು. ಸೋಂಕು, ಕಲ್ಲು, ಗಂತಿ ಇಲ್ಲವೆಂದು ಮೊದಲು ಖಚಿತವಾಗಬೇಕು. ನಮ್ಮ ದೇಶದಲ್ಲಿ ಮೂತ್ರಕೋಶದ ಕ್ಷಯವನ್ನೂ ಮರೆಯಬಾರದು. ಅದರ ಕ್ರಿಮಿ ಸಾಧಾರಣ ಕಲ್ಚರಿನಲ್ಲಿ ಬೆಳೆಯುವುದಿಲ್ಲ. ಮತ್ತಿಗಾಗಿ ಕೆಟಮಿನ್ ಎಂಬ ಅರಿವಳಿಕೆಯನ್ನು ಬಳಸುವ ಯುವಕರ ಮೂತ್ರಕೋಶ ಇದೇ ರೀತಿ ಹಾಳಾಗುವುದು ೨೦೦೭ರಿಂದ ಕೆನಡಾ, ಹಾಂಗ್‌ಕಾಂಗ್ ಮೊದಲಾದ ಕಡೆಗಳಿಂದ ವರದಿಯಾಗಿದೆ. ಮೂತ್ರದೊಡನೆ ಬರುವ ಒಂದು ವಸ್ತು ಒಳಪೊರೆಯನ್ನು ಹೇಗೆ ಸುಲಿದುಹಾಕಬಲ್ಲದು ಎಂಬುದಕ್ಕೆ ಅದೊಂದು ಘೋರವಾದ ನಿದರ್ಶನ.

ಆ ಅಧ್ಯಾಪಕಿ ೧೯೯೩ರಲ್ಲಿ ಮತ್ತೆ ಬಂದರು. ತಾವಾಗಿ ಬರಲಿಲ್ಲ, ನಾನೇ ಹಳೆಯ ನೋಂದಣಿ ಪುಸ್ತಕ ತೆಗೆಸಿ, ವಿಳಾಸ ಹುಡುಕಿ, ಕಾಗದ ಬರೆದಿದ್ದೆ. ಜೊತೆಯಲ್ಲಿ ಗಂಡನೂ ಇದ್ದರು. ಹಿಂದೆ ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಆ ದಿನ ಕೇಳಿದೆ: “ಶಾಲೆಯಲ್ಲಿ ಹೇಗೆ ಮಾಡುತ್ತೀರಿ,ಟೀಚರಮ್ಮ?” ಶಾಲೆಯಲ್ಲಿ ಶೌಚಾಲಯವಿರಲಿಲ್ಲ. ಪಕ್ಕದ ಮನೆಯವರನ್ನು ಕೇಳಿಕೊಂಡು ಹೋಗಬೇಕು; ದಿನಕ್ಕೆ ಎಷ್ಟು ಸಲ ಕೇಳುವುದು? ಹಾಗಾಗಿ ಬೆಳಗಿನ ಕಾಫಿಯ ಮೇಲೆ ಸಂಜೆಯವರೆಗೆ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗುತ್ತದೆ, ಲವಣ ಖಾರವಾಗುತ್ತದೆ, ಬಿರುಕಿನಲ್ಲಿ ಇಳಿಯುವ ಉಪ್ಪು ಹೆಚ್ಚುತ್ತದೆ. ಹೋಗದಿರಲೆಂದು ಕುಡಿಯದೆ, ಕುಡಿಯದ್ದರಿಂದ ಉರಿದು, ಉರಿಯಿಂದ ಮತ್ತೆ ಹೋಗಬೇಕಾಗಿ, ಒಂಬತ್ತು ವರ್ಷ ಅವರು ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸಿದ್ದರು.

ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ಬರೆದೆ. ಅದನ್ನು ಖಿನ್ನತೆಗೂ ಕೊಡುತ್ತಾರೆಂದು ಮೊದಲೇ ಹೇಳಿದೆ. ಔಷಧದಂಗಡಿಯಲ್ಲಿ ತಿಳಿದು ಮತ್ತೊಮ್ಮೆ ಆ ಚೀಟಿಯ ನೆನಪಾಗುವುದು ಬೇಡವಾಗಿತ್ತು. ಸ್ವಲ್ಪ ಸ್ವಲ್ಪವಾಗಿ ನೀರು, ಕಾಫಿ ಬಿಡುವುದು, ಗಡಿಯಾರ ನೋಡಿ ಹೋಗುವ ಹೊತ್ತನ್ನು ಹತ್ತು ಹತ್ತು ನಿಮಿಷ ಹಿಗ್ಗಿಸುವುದು, ಇಷ್ಟನ್ನು ಹೇಳಿದೆ. ಪೂರ್ತಿ ಗುಣವಾಯಿತೆಂದು ಹೇಳಲಾರೆ. ಹಗಲಿನ ಇಪ್ಪತ್ತು ಸಲ ವರ್ಷದ ಕೊನೆಗೆ ಹತ್ತಾಯಿತು, ರಾತ್ರಿ ಎರಡಾಯಿತು.

ಅಂದು ಹೊರಡುವಾಗ ಅವರು ಒಂದು ಕಾಗದ ಕೇಳಿದರು. ಮುಖ್ಯೋಪಾಧ್ಯಾಯರಿಗೆ ಕೊಡಲು, ಕಾಯಿಲೆಯ ಹೆಸರು ಬರೆದ ಕಾಗದ. “ಇಂಗ್ಲಿಷಿನಲ್ಲಿ ಬೇಡ ಡಾಕ್ಟರೆ, ಕನ್ನಡದಲ್ಲಿ ಬರೆದುಕೊಡಿ. ಅತ್ತೆಗೂ ಓದಿ ಹೇಳಬೇಕು.” ಕನ್ನಡದಲ್ಲಿ ಈ ಕಾಯಿಲೆಗೆ ಹೆಸರು ನನಗೆ ತಿಳಿದಂತೆ ಇರಲಿಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತೆ. ಕೊನೆಗೆ ‘ಮೂತ್ರಕೋಶದ ಒಳಪೊರೆಯ ಬೇನೆ’ ಎಂದು ಬರೆದು, ಕೆಳಗೆ ಸಹಿ ಹಾಕಿ, ಆಸ್ಪತ್ರೆಯ ಮೊಹರು ಒತ್ತಿಸಿ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಮಡಿಸಿ, ಕಲ್ಚರ್ ವರದಿಗಳ ಆ ಹಳೆಯ ಕಂತೆಯ ದಾರ ಬಿಚ್ಚಿ, ಎಲ್ಲಕ್ಕೂ ಮೇಲೆ ಇಟ್ಟು ಕಟ್ಟಿಕೊಂಡರು.